ಬಿಡುವುದನ್ನು ಬಲ್ಲ ಮಣೆ

ನಮ್ಮ ಮನೆಯ ಹಾಲಿನಲ್ಲಿ, ಟಿ.ವಿ.ಯಿಂದ ಆರಡಿ ಈಚೆಗೆ, ಒಂದು ಮಣೆ ಇದೆ. ಎರಡೂಮುಕ್ಕಾಲು ಅಡಿ ಉದ್ದ, ಅಷ್ಟೇ ಅಗಲ. ಮೈಮೇಲೆ ಒಂಬತ್ತು ಚೌಕ. ನಾಲ್ಕು ದಿಕ್ಕಿನ ಚೌಕಗಳಲ್ಲಿ ನಾಲ್ಕು ಬಾಣ, ಮೂಲೆಯ ನಾಲ್ಕು ಸುಮ್ಮನಿವೆ, ನಡುವಿನದು ಖಾಲಿ. ಕೂರುವುದಕ್ಕೂ ಉಣ್ಣುವುದಕ್ಕೂ ಹಾಕುವ ಮಣೆ ಇದಲ್ಲ, ಕುಣಿಯುವ ಮಣೆ. ರಿದಮ್ ಗೇಮ್ ಆಡುವವರು ಇದನ್ನು ಡಾನ್ಸ್ ಪ್ಯಾಡ್ ಎನ್ನುತ್ತಾರೆ. ಹಾಡು ಶುರುವಾದರೆ ಪರದೆಯ ಮೇಲೆ ಬಾಣಗಳು ಕೆಳಗಿನಿಂದ ತೇಲಿ ಬರುತ್ತವೆ. ಮೇಲೆ ಸಾಲಾಗಿ ನಿಂತ ನಾಲ್ಕು ಬಾಣಗಳ ಅಚ್ಚಿಗೆ ಅವು ಹೋಗಿ ಕೂಡುವ ಗಳಿಗೆಗೆ ಸರಿಯಾಗಿ, ಅದೇ ದಿಕ್ಕಿನ ಚೌಕವನ್ನು ಕಾಲಿನಿಂದ ಮೆಟ್ಟಬೇಕು. ಆಟ ಇಷ್ಟೇ. ಇಷ್ಟರಲ್ಲೇ ಒಂದು ಆಯುಷ್ಯಕ್ಕಾಗುವಷ್ಟು ಸೊಗಸಿದೆ.

ಹಾಡು ಹಾಕದೆ, ಟಿ.ವಿ. ಹಚ್ಚದೆ, ಈ ಮಣೆಯನ್ನು ಬರಿದೆ ಕೇಳುವುದು ನನಗೆ ಇಷ್ಟ. ಅಕ್ಕನ ಮಗಳು ಎಡ ಬಾಣವನ್ನು ಮೆಟ್ಟುತ್ತಾಳೆ, ನಾನು ನೆಲದ ಮೇಲೆ ಕೂತು ಕಿವಿಗೊಡುತ್ತೇನೆ. ಪಾದ ಬಿದ್ದಾಗ ‘ಟಪ್’. ಪಾದ ಎದ್ದಾಗ ಇನ್ನೊಂದು ಸದ್ದು, ಒಣ ಎಲೆ ಅಂಗಳಕ್ಕೆ ಬಿದ್ದಷ್ಟು ಸಣ್ಣದು. ಮೊದಲನೆಯದನ್ನು ಎಲ್ಲರೂ ಕೇಳಿಸಿಕೊಳ್ಳುತ್ತಾರೆ. ಈ ಎರಡನೆಯ ಸದ್ದನ್ನು ಕೇಳಿಸಿಕೊಳ್ಳಲು ನನಗೆ ಒಂದು ಮಳೆಗಾಲ ಬೇಕಾಯಿತು. ಈ ಬರಹ ಅದರದ್ದೇ ಕಥೆ.

ಆಟ ಹುಟ್ಟಿದ್ದು ಜಪಾನಿನಲ್ಲಿ, 1998ರಲ್ಲಿ. ಕೊನಾಮಿ ಕಂಪನಿ ‘ಡಾನ್ಸ್ ಡಾನ್ಸ್ ರೆವಲ್ಯೂಷನ್’ ಎಂಬ ಆರ್ಕೇಡ್ ಯಂತ್ರವನ್ನು ಆ ವರ್ಷ ಹೊರತಂದಿತು. ಆಳೆತ್ತರದ ಪೆಟ್ಟಿಗೆ, ದೊಡ್ಡ ಸ್ಪೀಕರುಗಳು, ಮುಂದೆ ಲೋಹದ ಎರಡು ವೇದಿಕೆ, ಹಿಂದೆ ಹಿಡಿದುಕೊಳ್ಳಲು ಕಂಬಿ. ಮರುವರ್ಷವೇ ಆಟ ಪ್ಲೇಸ್ಟೇಷನ್ನಿಗೆ ಇಳಿದು ಮನೆಯೊಳಗೆ ಬಂತು. ಕಾಲಿನಿಂದ ಆಡುವ ಚಾಪೆ ಮಾತ್ರ ಇನ್ನೂ ಹಳೆಯದು. ಬಂಡಾಯ್ ಕಂಪನಿ 1986ರಲ್ಲೇ ‘ಫ್ಯಾಮಿಲಿ ಟ್ರೈನರ್’ ಎಂಬ ಚಾಪೆ ತಂದಿತ್ತು, ಅದು ಅಮೆರಿಕದಲ್ಲಿ ನಿಂಟೆಂಡೊದ ‘ಪವರ್ ಪ್ಯಾಡ್’ ಆಯಿತು. ಅದರ ಮೇಲೆ ಹನ್ನೆರಡು ಗುಂಡಿ, ಆಡುತ್ತಿದ್ದದ್ದು ಓಟ, ಜಿಗಿತ. ಓಡುವ ಚಾಪೆಯನ್ನು ತಾಳ ಹಾಕುವ ಮಣೆಯಾಗಿಸಿ, ಹನ್ನೆರಡನ್ನು ನಾಲ್ಕಕ್ಕೆ ಇಳಿಸಿದ್ದು ಕೊನಾಮಿಯವರ ಜಾಣ್ಮೆ. ನಾಲ್ಕು ಎಂದ ಕೂಡಲೇ ನಮ್ಮ ಕಿವಿಗೆ ‘ತಕಧಿಮಿ’ ಕೇಳುತ್ತದೆ. ಮೊದಲ ಸಲ ಈ ಯಂತ್ರದ ಮೇಲೆ ನಿಂತವರಿಗೂ ಕಾಲಿಡಬೇಕಾದದ್ದು ಎಲ್ಲಿ ಎಂದು ಯಾರೂ ಹೇಳಿಕೊಡಬೇಕಾಗಲಿಲ್ಲ.

ಆ ವಿನ್ಯಾಸವನ್ನು ತುಸು ನಿಂತು ನೋಡಬೇಕು. ಪಗಡೆಯ ಹಾಸನ್ನು ನೆನಪಿಸಿಕೊಳ್ಳಿ, ನಾಲ್ಕು ತೋಳು, ನಡುವೆ ಮನೆ. ಕಾಯಿ ಎಲ್ಲಿ ಸುತ್ತಿದರೂ ಕೊನೆಗೆ ಮುಟ್ಟಬೇಕಾದದ್ದು ನಡುಮನೆಯನ್ನೇ. ಈ ಮಣೆಯಲ್ಲಾದರೋ ನಡುವಿನ ಚೌಕಕ್ಕೆ ಕೆಲಸವಿಲ್ಲ, ಅಂಕವೂ ಇಲ್ಲ. ಹೊಸಬರು ಪ್ರತಿ ಹೆಜ್ಜೆಗೂ ಅಲ್ಲಿಗೆ ಓಡಿ ಬಂದು ನಿಲ್ಲುತ್ತಾರೆ. ಪಳಗಿದವರು ನಡುವಿಗೆ ಬರುವುದೇ ಇಲ್ಲ. ಒಂದು ಕಾಲು ಒಂದು ಬಾಣದ ಮೇಲೆ, ಇನ್ನೊಂದು ಇನ್ನೊಂದರ ಮೇಲೆ, ಮೈಭಾರ ಮಾತ್ರ ನಡುಮನೆಯ ಮೇಲೆ ತೂಗುತ್ತಿರುತ್ತದೆ. ಕೊರಿಯಾದ ಆಂಡಮಿರೊ ಕಂಪನಿ 1999ರಲ್ಲಿ ತಂದ ‘ಪಂಪ್ ಇಟ್ ಅಪ್’ನ ಲೆಕ್ಕ ಬೇರೆ. ಅಲ್ಲಿ ಬಾಣಗಳಿರುವುದು ನಾಲ್ಕು ಮೂಲೆಗಳಲ್ಲಿ, ನಡುವಿನ ಚೌಕವೂ ತಾಳಕ್ಕೆ ಸೇರಿದ್ದು. ಒಟ್ಟು ಐದು. ಅದರ ಮೇಲೆ ಮೈ ತಿರುಗುತ್ತದೆ, ತೊಡೆ ಅಗಲುತ್ತದೆ, ನೋಟಕ್ಕೆ ಅದೇ ಹೆಚ್ಚು ನೃತ್ಯ. ಎರಡಕ್ಕೂ ಅದರದರ ಚೆಲುವಿದೆ. ನಾನು ನಾಲ್ಕರ ಕಡೆಯವನು. ಖಾಲಿ ನಡುಮನೆಯ ಮೇಲೆ ತೂಗುವ ಆ ಮೈಭಾರ ನನಗೆ ಬೇಕು.

ಮನೆಗೆ ಪ್ಯಾಡ್ ತರುವವರು ಮೊದಲು ಕೊಳ್ಳುವುದು ಮೆತ್ತನೆಯ ಚಾಪೆಯನ್ನೇ. ಸುರುಳಿ ಸುತ್ತಿ ಬೀರುವಿನ ಮೇಲೆ ಎಸೆಯಬಹುದು. ಅದರ ಹೊಟ್ಟೆಯೊಳಗೆ ಎರಡು ಪ್ಲಾಸ್ಟಿಕ್ ಹಾಳೆ, ಹಾಳೆಗಳ ಮೇಲೆ ವಿದ್ಯುತ್ ಹರಿಯುವ ಬಣ್ಣದ ಗೆರೆಗಳು, ನಡುವೆ ತೂತು ಬಿಟ್ಟ ತೆಳು ಫೋಮ್. ಮೆಟ್ಟಿದರೆ ತೂತಿನ ಮೂಲಕ ಎರಡು ಹಾಳೆ ಒಂದನ್ನೊಂದು ಮುಟ್ಟುತ್ತವೆ. ಸರಳ, ಅಗ್ಗ, ಮಕ್ಕಳಿಗೆ ತಕ್ಕದ್ದು. ಇದನ್ನು ಹಳಿಯುವವರನ್ನು ನಾನು ಒಪ್ಪುವುದಿಲ್ಲ, ಸಾವಿರಾರು ಮನೆಗಳಿಗೆ ಈ ಆಟದ ರುಚಿ ಹತ್ತಿಸಿದ್ದು ಈ ಚಾಪೆಯೇ. ಮನೆಯ ಪ್ಯಾಡುಗಳನ್ನು ಮಾಡಿ ಮಾರುತ್ತಿದ್ದ ರೆಡ್‌ಆಕ್ಟೇನ್ ಎಂಬ ಕಂಪನಿಯೇ ಮುಂದೆ ಹಾರ್ಮೊನಿಕ್ಸ್ ಜೊತೆ ಸೇರಿ 2005ರಲ್ಲಿ ‘ಗಿಟಾರ್ ಹೀರೊ’ ತಂದದ್ದು.

ಚಾಪೆಗೆ ಇರುವ ಕೊರತೆ ಎರಡು. ಒಂದು, ಅದು ನೆಲದ ಮೇಲೆ ಜಾರುತ್ತದೆ. ಆಟ ಬಿಸಿಯಾದಂತೆ ಚಾಪೆ ಹಿಂದೆ ಹಿಂದೆ ಸರಿಯುತ್ತದೆ, ಆಡುವವರು ಅದನ್ನು ಅಟ್ಟಿಸಿಕೊಂಡು ಹೋಗಬೇಕು. ಇದಕ್ಕೆ ಮದ್ದು ಸುಲಭ. ಚಾಪೆಯ ಅಳತೆಗೆ ಒಂದು ಪ್ಲೈವುಡ್ ಹಲಗೆ ಕೊಯ್ಸಿ, ಎರಡು ಬದಿ ಅಂಟುವ ಟೇಪಿನಿಂದ ಅದರ ಮೇಲೆ ಹಿಗ್ಗಿಸಿ ಅಂಟಿಸಿ, ಹಲಗೆಯ ಅಡಿಗೆ ರಬ್ಬರ್ ಹಾಕಿದರೆ ಸಾಕು, ಅರ್ಧ ಕಾಯಿಲೆ ವಾಸಿ. ಎರಡನೆಯದಕ್ಕೆ ಮದ್ದಿಲ್ಲ, ಪಾದಕ್ಕೆ ಅಲ್ಲಿ ಅಂಚು ಸಿಗುವುದಿಲ್ಲ. ಚಿಕ್ಕಂದಿನ ಕುಂಟೆಬಿಲ್ಲೆಯಲ್ಲಿ ಗೆರೆ ಮುಟ್ಟಿದರೆ ಔಟು. ಇಲ್ಲಿ ಗೆರೆ ಮುಟ್ಟಬೇಕು. ಕಣ್ಣು ಪರದೆಯ ಮೇಲೆ ನೆಟ್ಟಿರುವಾಗ ಬೆರಳ ತುದಿಗೆ ಸಿಗುವ ಒಂದು ಸಣ್ಣ ಏರು ‘ಇಲ್ಲಿಂದಾಚೆ ಬಾಣ’ ಎಂದು ಹೇಳುತ್ತದೆ. ಆರ್ಕೇಡಿನ ಪ್ಯಾಡಿನಲ್ಲಿ ಲೋಹದ ಚೌಕಟ್ಟು ಈ ಕೆಲಸ ಮಾಡುತ್ತದೆ. ಚಾಪೆಯ ಮೇಲೆ ಅಚ್ಚಾದ ಬಾಣ ಕಣ್ಣಿಗೆ ಕಾಣುತ್ತದೆ, ಕಾಲಿಗೆ ಕಾಣುವುದಿಲ್ಲ.

ಗಟ್ಟಿ ಪ್ಯಾಡು ಬೇಕೆಂದರೆ ಕೊಳ್ಳಲೂ ಸಿಗುತ್ತದೆ. ಪೋಲೆಂಡಿನ ಎಲ್-ಟೆಕ್‌ನಂಥ ಸಣ್ಣ ತಯಾರಕರು ಮನೆಗೆಂದೇ ಮಾಡುತ್ತಾರೆ. ‘ಸ್ಟೆಪ್‌ಮೇನಿಯಾ ಎಕ್ಸ್’ ಪ್ಯಾಡಿನಲ್ಲಿ ನಾಲ್ಕು ಬಾಣದ ಜೊತೆ ನಡುಮನೆಯೂ ತಾಳಕ್ಕೆ ಸೇರುತ್ತದೆ. ಆದರೆ ಇಷ್ಟು ತೂಕದ ವಸ್ತುವನ್ನು ಕಡಲಾಚೆಯಿಂದ ತರಿಸುವ ಖರ್ಚು, ಮೇಲಿನ ಸುಂಕ, ದಾರಿಯಲ್ಲಿ ಮೂಲೆ ಜಜ್ಜಿದರೆ ಏನು ಎಂಬ ಚಿಂತೆ, ಇವನ್ನೆಲ್ಲ ಕೂಡಿಸಿ ನೋಡಿದ ಮೇಲೆ ಮೈಸೂರಿನಲ್ಲೇ ಒಂದನ್ನು ಕಟ್ಟುವುದು ಎಂದು ತೀರ್ಮಾನಿಸಿದೆ. ಪ್ಲೈವುಡ್ ಎಲ್ಲ ಊರಿನಲ್ಲೂ ಸಿಗುತ್ತದೆ. ಸೆನ್ಸರು, ಮೈಕ್ರೊಕಂಟ್ರೋಲರ್, ವೈರು ತರಲು ಬೆಂಗಳೂರಿನ ಎಸ್.ಪಿ. ರೋಡ್‌ಗೆ ಒಂದು ಓಡಾಟ.

ಅಳತೆ ಹೀಗಿದೆ. ಬಾಣದ ಚೌಕ ಸುಮಾರು 28 ಸೆಂಟಿಮೀಟರ್, ಆರ್ಕೇಡಿನ ಹತ್ತಿರದ ಅಳತೆ. ಮೂರು ಚೌಕ ಒಂದು ಸಾಲಿಗೆ, ಒಟ್ಟು 84. ಅಡಿಗೆ 18 ಎಂ.ಎಂ. ಪ್ಲೈ. ಅದರ ಮೇಲೆ ಐದು ಚೌಕಗಳನ್ನು ಅಲುಗದಂತೆ ಸ್ಕ್ರೂ ಹಾಕಿ ಕೂರಿಸಬೇಕು, ಉಳಿದ ನಾಲ್ಕು ಗುಳಿಗಳಲ್ಲಿ ಬಾಣದ ಹಲಗೆಗಳು ಸಡಿಲವಾಗಿ ಕೂರುತ್ತವೆ. ನಕ್ಷೆಯನ್ನು ನಮ್ಮ ಬೀದಿಯ ಆಚಾರ್ರ ಕೈಗೆ ಕೊಟ್ಟೆ. ಕನ್ನಡಕ ಮೇಲಕ್ಕೆ ಸರಿಸಿ ಬಹಳ ಹೊತ್ತು ನೋಡಿದರು.

“ಅಳತೆ ಏನೋ ಸರಿಯಾಗಿದೆ ಸಾರ್. ಆದ್ರೆ ಗುಳಿ ಇಪ್ಪತ್ತೆಂಟು, ಹಲಗೇನೂ ಇಪ್ಪತ್ತೆಂಟು ಬರೆದಿದ್ದೀರಲ್ಲ? ಮಳೆಗಾಲದಲ್ಲಿ ಮರ ಊದ್ಕೊಳ್ತದೆ. ಉಸಿರಾಡೋಕೆ ಜಾಗ ಬಿಡ್ಬೇಕು.”

“ಎಷ್ಟು ಬಿಡೋಣ ಆಚಾರ್ರೇ?”

“ಸುತ್ತಲೂ ಒಂದೂವರೆ ಎಂ.ಎಂ. ಬಿಡಿ. ಕಣ್ಣಿಗೆ ಕಾಣಲ್ಲ, ಕೈಗೆ ಸಿಗ್ತದೆ.”

ಹಾಗೆ ನಾಲ್ಕು ಹಲಗೆಗಳ ಅಳತೆ 277 ಮಿಲಿಮೀಟರಿಗೆ ಇಳಿಯಿತು. ಅವರು ಆ ನಾಲ್ಕರ ಅಂಚನ್ನು ಕೀಸುಳಿಯಲ್ಲಿ ತೀಡಿ, ಒಂದೊಂದನ್ನೇ ಗುಳಿಗೆ ಇಳಿಸಿ, ಹಸ್ತವಿಟ್ಟು ಒತ್ತಿ, ಮತ್ತೆ ಎತ್ತಿ ನೋಡಿದರು. ಯಾವ ಬದಿಯಿಂದ ಇಳಿಸಿದರೂ ತಡೆಯದೆ ಇಳಿಯಬೇಕು, ತಡೆಯದೆ ಏಳಬೇಕು. ಕೆಲಸ ಮುಗಿದಾಗ ನಾಲ್ಕೂ ಹಲಗೆಗಳು ಹಳೆಯ ಸಂಬಾರ ಪೆಟ್ಟಿಗೆಯ ಮುಚ್ಚಳದ ಹಾಗೆ ಕೂರುತ್ತಿದ್ದವು. ಆಟದ ಹೆಸರನ್ನೂ ಕೇಳಿರದ ಒಬ್ಬ ಮರಗೆಲಸದವರು ಪ್ಯಾಡಿನ ಗುಟ್ಟನ್ನು ಮೊದಲ ದಿನವೇ ಹೇಳಿಬಿಟ್ಟಿದ್ದರು. ನನಗದು ತಿಳಿದದ್ದು ಆಮೇಲೆ.

ಬಾಣದ ಹಲಗೆಗೆ 12 ಎಂ.ಎಂ. ಪ್ಲೈ, ಅದರ ಮೇಲೆ ಬಾಣ ಅಚ್ಚು ಹಾಕಿದ ಹಾಳೆ, ಎಲ್ಲಕ್ಕೂ ಮೇಲೆ ಪಾಲಿಕಾರ್ಬೊನೇಟ್ ಶೀಟು. ಅಂಗಡಿಗಳಲ್ಲಿ ಅಕ್ರಿಲಿಕ್ ಹೆಚ್ಚು ಹೊಳೆಯುತ್ತದೆ, ಕೈಗೂ ಚೆನ್ನಾಗಿ ಹತ್ತುತ್ತದೆ, ಆದರೆ ಏಟು ಬಿದ್ದಲ್ಲಿ ಸೀಳುತ್ತದೆ. ಪಾಲಿಕಾರ್ಬೊನೇಟ್ ಬಾಗಿ ತಾಳಿಕೊಳ್ಳುತ್ತದೆ. ಗೀರು ಬೀಳುವುದು ನಿಜ. ವರ್ಷ ಕಳೆದ ಪ್ಯಾಡಿನ ಮೇಲೆ ಆ ಗೀರುಗಳು ಹೆಬ್ಬೆರಳ ಬುಡ ಬೀಳುವ ಜಾಗದಲ್ಲೇ ಗುಂಪಾಗಿ ಮಂಜು ಕಟ್ಟಿದಂತೆ ಕಾಣುತ್ತವೆ. ಎಡ ಬಾಣದಲ್ಲಿ ಅದು ಒಳ ಅಂಚಿಗೆ, ಕೆಳ ಬಾಣದಲ್ಲಿ ತುಸು ಬಲಕ್ಕೆ. ಆಡುವವರ ಹೆಜ್ಜೆ ಅಲ್ಲಿ ಬರೆದಿರುತ್ತದೆ. ಹೊಸ ಶೀಟು ಹಾಕಿಸಲು ನನಗೆ ಮನಸ್ಸು ಬಂದಿಲ್ಲ.

ಇನ್ನು ಹಲಗೆಯ ಅಡಿಯ ನರ. ಹಳೆಯ ಪದ್ಧತಿಯಲ್ಲಿ ಅಲ್ಯೂಮಿನಿಯಂ ಪಟ್ಟಿ ಎರಡು, ನಡುವೆ ಫೋಮ್. ಒತ್ತಿದರೆ ಮುಟ್ಟುತ್ತವೆ, ಬಿಟ್ಟರೆ ದೂರವಾಗುತ್ತವೆ. ಹಳೆಯ ಯು.ಎಸ್.ಬಿ. ಕೀಬೋರ್ಡಿನ ಒಳಗಿನ ಬೋರ್ಡಿಗೆ ವೈರು ಎಳೆದು ಎಷ್ಟೋ ಜನ ಹೀಗೆ ಪ್ಯಾಡು ಕಟ್ಟಿ ವರ್ಷಗಟ್ಟಲೆ ಆಡಿದ್ದಾರೆ. ಆರ್ಕೇಡಿನ ಯಂತ್ರದಲ್ಲಿ ಪ್ರತಿ ಬಾಣದ ನಾಲ್ಕು ಅಂಚಿಗೂ ಒಂದೊಂದು ಸೆನ್ಸರ್ ಇರುತ್ತದೆ, ಎಲ್ಲಿ ಮೆಟ್ಟಿದರೂ ತಪ್ಪಬಾರದೆಂದು. ಈಗ ಮನೆಯಲ್ಲಿ ಕಟ್ಟುವವರು ಮೆಚ್ಚಿರುವುದು ಎಫ್.ಎಸ್.ಆರ್. ಎಂಬ ಒತ್ತಡದ ಪಟ್ಟಿಯನ್ನು. ಅರ್ಧ ಮಿಲಿಮೀಟರಿಗಿಂತ ತೆಳು, ರಿಬ್ಬನ್ನಿನಂತೆ ಬಾಗುತ್ತದೆ. ಒತ್ತಡ ಹೆಚ್ಚಿದಂತೆ ಅದರ ವಿದ್ಯುತ್ ತಡೆ ಇಳಿಯುತ್ತದೆ. ಅಲ್ಯೂಮಿನಿಯಂ ಪಟ್ಟಿಗೆ ‘ಹೌದು’, ‘ಇಲ್ಲ’ ಎರಡೇ ಗೊತ್ತು, ಇದಕ್ಕೆ ‘ಎಷ್ಟು’ ಎಂಬುದೂ ಗೊತ್ತು. ಪಟ್ಟಿಯ ಜೊತೆಗೆ 10 ಕಿಲೊಓಮ್‌ನ ಒಂದು ರೆಸಿಸ್ಟರ್ ಹಾಕಿ ಆರ್ಡುಯಿನೊ ಲಿಯೊನಾರ್ಡೊ ಬೋರ್ಡಿಗೆ ಜೋಡಿಸಿದರೆ, ಪಾದದ ಒತ್ತಡ 0ಯಿಂದ 1023ರವರೆಗಿನ ಒಂದು ಅಂಕಿಯಾಗಿ ಲ್ಯಾಪ್‌ಟಾಪಿನಲ್ಲಿ ಕಾಣುತ್ತದೆ.

ಆ ಅಂಕಿ ಓಡುವುದನ್ನು ಮೊದಲ ಸಲ ನೋಡಿದ ಸಂಜೆ ಚೆನ್ನಾಗಿ ನೆನಪಿದೆ. ಬಾಣದ ಮೇಲೆ ಒಂದು ಬೆರಳಿಟ್ಟೆ, ಅಂಕಿ ಕದಲಿತು. ಅಂಗೈ ಇಟ್ಟೆ, ಏರಿತು. ನಿಂತೆ, ಜಿಗಿಯಿತು. ನಿಂತಲ್ಲೇ ಉಸಿರೆಳೆದರೆ ಕೂಡ ಅದು ಸಣ್ಣಗೆ ಏರಿ ಇಳಿಯುತ್ತಿತ್ತು. ಇಷ್ಟು ದಿನ ಮರದ ಮೇಲೆ ನಿಂತಿದ್ದವನಿಗೆ, ನಾನು ನಿಂತಿದ್ದನ್ನು ಮರ ಗಮನಿಸುತ್ತಿದೆ ಎಂದು ಅನ್ನಿಸಿತು.

ಅಕ್ಕನ ಮಗಳಿಗೆ ಹನ್ನೊಂದು ವರ್ಷ, ಭರತನಾಟ್ಯ ಕಲಿಯುತ್ತಾಳೆ. ಹೊಸ ಮಣೆಯ ಮೇಲೆ ಮೊದಲು ಹತ್ತಿದ್ದು ಅವಳೇ. ಕಾಲಿಡುವ ಮೊದಲು ಬಾಗಿ ಮಣೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಕ್ಲಾಸಿನಲ್ಲಿ ನೆಲಕ್ಕೆ ಹಾಗೆ ಮಾಡಿ ರೂಢಿ. ಆಮೇಲೆ ತಟ್ಟಡವಿನ ಹಾಗೆ ಪೂರ್ತಿ ಪಾದ ಚಪ್ಪಟೆಯಾಗಿ ಬೀಳುವಂತೆ ಮೆಟ್ಟತೊಡಗಿದಳು. ನಿಧಾನದ ಹಾಡು ಚೆನ್ನಾಗಿ ಸಾಗಿತು. ಕಾಲ ಎರಡಾದ ಕೂಡಲೇ, ಅದೂ ಎಡ ಬಾಣ ಸಾಲಾಗಿ ಬಂದಾಗ, ಅಂಕ ತಪ್ಪತೊಡಗಿತು.

“ಮಾಮ, ಇದು ಕಾಲು ಬಿಡ್ತಾ ಇಲ್ಲ.”

“ಕಾಲು ಅಂಟ್ಕೊಳ್ತಿದೆಯಾ ಪುಟ್ಟಿ?”

“ಅಂಟಲ್ಲ. ನಾನು ಎತ್ತಿದೀನಿ. ಆದ್ರೆ ಅದಕ್ಕೆ ನಾನಿನ್ನೂ ಅಲ್ಲೇ ಇದೀನಿ ಅನ್ಸ್ತಿದೆ.”

ಲ್ಯಾಪ್‌ಟಾಪ್ ತೆರೆದು ಎಡ ಬಾಣದ ಅಂಕಿಯನ್ನು ಗೆರೆಯಾಗಿ ಮೂಡಿಸಿದೆ. ಅವಳು ಮೆಟ್ಟಿದಾಗ ಗೆರೆ ಗೋಡೆಯಂತೆ ನೇರ ಏರುತ್ತಿತ್ತು. ಎತ್ತಿದಾಗ ಗೋಡೆಯಂತೆ ಇಳಿಯಬೇಕಿತ್ತು, ಅದರ ಬದಲು ಗುಡ್ಡದ ಇಳಿಜಾರಿನಂತೆ ಜಾರುತ್ತಿತ್ತು. ಹಲಗೆಗೂ ಸೆನ್ಸರಿಗೂ ನಡುವೆ ನಾನು ಹಾಕಿದ್ದ ಮೆತ್ತನೆಯ ಸ್ಪಂಜು ಅದಕ್ಕೆ ಕಾರಣ. ಕಾಲಿಗೆ ಹಿತವಾಗಲಿ ಎಂದು ಹಾಕಿದ್ದೆ. ಅದು ಒತ್ತಡವನ್ನು ಕುಡಿದು, ನಿಧಾನವಾಗಿ ಹಿಂದಿರುಗಿಸುತ್ತಿತ್ತು. ಪಾದ ಗಾಳಿಯಲ್ಲಿದ್ದರೂ ಮಣೆಯ ಲೆಕ್ಕದಲ್ಲಿ ಇನ್ನೂ ಬಾಣದ ಮೇಲೇ ಇತ್ತು. ಅದು ಎದ್ದಿತೆಂದು ತಿಳಿಯುವ ಮೊದಲೇ ಮುಂದಿನ ಹೆಜ್ಜೆ ಬೀಳುತ್ತಿತ್ತು, ಎರಡು ಹೆಜ್ಜೆ ಒಂದಾಗುತ್ತಿತ್ತು.

ಸ್ಪಂಜು ಕಿತ್ತು, ಎರಡು ಎಂ.ಎಂ.ನ ಬಿಗಿ ರಬ್ಬರ್ ಪಟ್ಟಿ ಹಾಕಿದೆ. ಗೆರೆಯ ಇಳಿಜಾರು ಕಡಿದಾಯಿತು. ಅಂಕಿಗೆ ಎರಡು ಮಿತಿ ಇಟ್ಟೆ: 400 ದಾಟಿದರೆ ‘ಮೆಟ್ಟಿತು’, 350ಕ್ಕಿಂತ ಇಳಿದರೆ ‘ಬಿಟ್ಟಿತು’. ಒಂದೇ ಮಿತಿ ಇಟ್ಟರೆ ಅಂಕಿ ಅದರ ಆಚೀಚೆ ನಡುಗಿದಾಗ ಒಂದು ಹೆಜ್ಜೆ ಮೂರಾಗಿ ಎಣಿಕೆಯಾಗುತ್ತದೆ. ಎರಡರ ನಡುವಿನ ಈ ಸಣ್ಣ ಅಂತರವೇ ಮಣೆಗೆ ಸ್ಥೈರ್ಯ ಕೊಡುವುದು. ಪ್ರತಿ ಬಾಣದ ಅಡಿಗೂ ಟೇಪಿನ ಒಂದೊಂದು ಪದರ ಹೆಚ್ಚಿಸಿ, ಕಳೆದು, ನಾಲ್ಕರ ಮನಸ್ಸೂ ಒಂದಾಗುವಂತೆ ಮಾಡಲು ಮೂರು ಭಾನುವಾರ ಹಿಡಿಯಿತು.

ಆ ಮೂರು ಭಾನುವಾರಗಳು ಮೃದಂಗದವರ ಪಕ್ಕ ಕೂತ ಹಾಗಿದ್ದವು. ಕಚೇರಿಗೆ ಮೊದಲು ಅವರು ಎಡಮುಖಕ್ಕೆ ರವೆ ಕಲಸಿ ಹಚ್ಚುತ್ತಾರೆ, ತಟ್ಟುತ್ತಾರೆ, ಚಿಟಿಕೆಯಷ್ಟು ತೆಗೆಯುತ್ತಾರೆ, ಮತ್ತೆ ತಟ್ಟುತ್ತಾರೆ. ಬಲಮುಖದ ಅಂಚನ್ನು ಕಲ್ಲಿನಿಂದ ಮೆಲ್ಲಗೆ ಬಡಿದು ಶ್ರುತಿಗೆ ತರುತ್ತಾರೆ. ‘ಧೀಂ’ ಎಂಬ ತೆರೆದ ನಾದ ಬೇಕೆಂದರೆ ಬೆರಳು ಹೊಡೆದ ಕ್ಷಣವೇ ಎದ್ದುಬಿಡಬೇಕು. ಒಂದಿಷ್ಟು ಹೆಚ್ಚು ಹೊತ್ತು ಚರ್ಮದ ಮೇಲೆ ನಿಂತರೂ ನಾದ ಉಸಿರುಗಟ್ಟುತ್ತದೆ. ಹೊಡೆತದ ಸೊಗಸು ಬೆರಳು ಏಳುವುದರಲ್ಲಿದೆ. ಪ್ಯಾಡಿನದೂ ಅದೇ ಗುಟ್ಟು. ಮೆಟ್ಟಿದ್ದನ್ನು ಎಂಥ ಕಳಪೆ ಪ್ಯಾಡೂ ಹೇಗೋ ತಿಳಿದುಕೊಳ್ಳುತ್ತದೆ. ಬಿಟ್ಟದ್ದನ್ನು ಬಿಟ್ಟ ಗಳಿಗೆಯಲ್ಲೇ ತಿಳಿಯುವ ಪ್ಯಾಡು ಮಾತ್ರ ಒಳ್ಳೆಯ ಪ್ಯಾಡು.

ಗಳಿಗೆ ಎಂದರೆ ಇಲ್ಲಿ ಎಷ್ಟು? ಈ ಆಟಗಳಿಗೆ ಒಂದು ಉಚಿತ ತಂತ್ರಾಂಶವಿದೆ, ‘ಸ್ಟೆಪ್‌ಮೇನಿಯಾ’. 2001ರಿಂದ ಬೆಳೆಯುತ್ತ ಬಂದದ್ದು, ಮೂಲ ಸಂಕೇತ ಎಲ್ಲರಿಗೂ ತೆರೆದಿದೆ. ಅದರ ಸಾಮಾನ್ಯ ಲೆಕ್ಕದಲ್ಲಿ ಅತ್ಯುತ್ತಮ ಅಂಕ ಬೇಕೆಂದರೆ ಹೆಜ್ಜೆ ತಾಳದ ಬಿಂದುವಿನಿಂದ ಆಚೆಗಾಗಲಿ ಈಚೆಗಾಗಲಿ 22.5 ಮಿಲಿಸೆಕೆಂಡಿನೊಳಗೆ ಬೀಳಬೇಕು. ಕಣ್ಣು ಮಿಟುಕಿಸುವುದಕ್ಕೆ ಅದರ ಹಲವು ಪಟ್ಟು ಹೊತ್ತು ಬೇಕು. ಇಷ್ಟು ಸಣ್ಣ ಜಾಗದೊಳಗೆ ಸಾಮಗ್ರಿಯೂ ತನ್ನ ಪಾಲು ಕೇಳುತ್ತದೆ. ಕಂಪ್ಯೂಟರು ಪ್ಯಾಡನ್ನು ಸೆಕೆಂಡಿಗೆ 125 ಸಲ ವಿಚಾರಿಸಿದರೆ ಎರಡು ವಿಚಾರಣೆಗಳ ನಡುವೆ 8 ಮಿಲಿಸೆಕೆಂಡ್, ಸಾವಿರ ಸಲ ವಿಚಾರಿಸಿದರೆ ಒಂದೇ. ಸದ್ದು ಒಂದು ಮಿಲಿಸೆಕೆಂಡಿಗೆ ಹೋಗುವುದು ಸುಮಾರು ಒಂದಡಿ ದೂರ, ಹಾಗಾಗಿ ಹತ್ತಡಿ ಆಚೆಯ ಸ್ಪೀಕರಿನ ಹಾಡು ಒಂಬತ್ತು ಮಿಲಿಸೆಕೆಂಡ್ ತಡವಾಗಿ ಕಿವಿಗೆ ಬೀಳುತ್ತದೆ. ಟಿ.ವಿ.ಯಲ್ಲಿ ‘ಗೇಮ್ ಮೋಡ್’ ಹಾಕಿಕೊಳ್ಳಬೇಕು, ಬ್ಲೂಟೂತ್ ಸ್ಪೀಕರನ್ನು ಈ ಆಟದಿಂದ ದೂರವಿಡಬೇಕು. ನಿಂತ ತಡವನ್ನು ತಂತ್ರಾಂಶದಲ್ಲಿ ಸರಿದೂಗಿಸಬಹುದು, ಓಲಾಡುವ ತಡವನ್ನು ಆಗುವುದಿಲ್ಲ. ನಮ್ಮ ಮನೆಯಲ್ಲಿ ಸ್ಪೀಕರುಗಳನ್ನು ಗೋಡೆಯಿಂದ ಇಳಿಸಿ ಮಣೆಯ ಹತ್ತಿರ ತಂದ ದಿನ, ಏನು ಬದಲಾಯಿತೆಂದು ಹೇಳದೆಯೇ ಪುಟ್ಟಿಯ ಅಂಕ ಏರಿತು.

ಇಷ್ಟೆಲ್ಲ ಆದ ಮೇಲೆ ಹಾಡು ಹಾಕಿದಾಗ ಏನು ಸಿಗುತ್ತದೆ ಎಂಬುದನ್ನು ಹೇಳಬೇಕು. ಒಂದನೇ ಕಾಲದಲ್ಲಿ ಪ್ರತಿ ತಾಳಕ್ಕೆ ಒಂದು ಹೆಜ್ಜೆ, ಪರದೆಯ ಮೇಲೆ ಕೆಂಪು ಬಾಣ. ಎರಡನೇ ಕಾಲದಲ್ಲಿ ನಡುವೆ ನೀಲಿ ಬಾಣಗಳು ಸೇರುತ್ತವೆ. ಮೊದಲ ‘ಡಾನ್ಸ್ ಡಾನ್ಸ್ ರೆವಲ್ಯೂಷನ್’ನಲ್ಲಿದ್ದ ‘ಪ್ಯಾರನೋಯಾ’ ಎಂಬ ಹಾಡು ನಿಮಿಷಕ್ಕೆ 180 ತಾಳದ್ದು, ಅದರ ಎರಡನೇ ಕಾಲವೆಂದರೆ ಸೆಕೆಂಡಿಗೆ ಆರು ಹೆಜ್ಜೆ. 2001ರ ‘ಮ್ಯಾಕ್ಸ್ 300’ ಹೆಸರಿಗೆ ತಕ್ಕಂತೆ 300 ತಾಳದ್ದು, ಅದರ ಎರಡನೇ ಕಾಲ ಸೆಕೆಂಡಿಗೆ ಹತ್ತು. ಆ ವೇಗದಲ್ಲಿ ಮೆಟ್ಟುವುದು ಎಂಬ ಮಾತಿಗೆ ಅರ್ಥವೇ ಉಳಿಯುವುದಿಲ್ಲ. ಅಲ್ಲಿ ಏಳುವುದು ಮಾತ್ರ ಇದೆ. ಪಾದ ಬಿಸಿ ಕಾವಲಿ ಮುಟ್ಟಿದಂತೆ ಮುಟ್ಟಿ ಏಳುತ್ತದೆ. ಅದೇ ವರ್ಷ ಬಂದ ಇನ್ನೊಂದು ಬಗೆಯ ಬಾಣಕ್ಕೆ ಉದ್ದನೆಯ ಬಾಲ, ಬಾಲ ಮುಗಿಯುವವರೆಗೆ ಕಾಲು ಎತ್ತುವಂತಿಲ್ಲ. ಒಂದು ಕಾಲು ಹಿಡಿದು ನಿಂತಿರುವಾಗ ಇನ್ನೊಂದು ಕಾಲು ಉಳಿದ ಬಾಣಗಳನ್ನು ನೋಡಿಕೊಳ್ಳಬೇಕು. ಹಿಡಿಯುವುದೂ ಬಿಡುವುದೂ ಒಂದೇ ಮೈಯಲ್ಲಿ, ಒಂದೇ ಗಳಿಗೆಯಲ್ಲಿ.

ನನಗೆ ಅತಿ ಪ್ರಿಯವಾದದ್ದು ಅಡ್ಡಹೆಜ್ಜೆ. ಎಡ, ಕೆಳಗೆ, ಬಲ ಎಂದು ಬಾಣಗಳು ಬರುತ್ತವೆ. ಎಡಗಾಲು ಎಡಕ್ಕೆ, ಬಲಗಾಲು ಕೆಳಕ್ಕೆ ಹೋದ ಮೇಲೆ ಬಲ ಬಾಣದ ಸರದಿ ಎಡಗಾಲಿನದು. ಅದು ಬಲಗಾಲಿನ ಮುಂದಿನಿಂದ ದಾಟಿ ಆಚೆ ಹೋಗಬೇಕು, ಸೊಂಟ ತಿರುಗಬೇಕು, ಭುಜ ಹಿಂಬಾಲಿಸಬೇಕು. ಅರ್ಧ ಸೆಕೆಂಡು ಮೈ ಪರದೆಗೆ ಪಕ್ಕೆಗೊಟ್ಟು ನಿಂತು, ಮತ್ತೆ ಬಿಚ್ಚಿಕೊಳ್ಳುತ್ತದೆ. ಹೆಜ್ಜೆ ಬರೆದವರು ಬಾಗಿಲ ಚಿಲಕದ ಹಾಗೆ ಈ ತಿರುವನ್ನು ಹಾಡಿನ ತಿರುವಿನಲ್ಲೇ ಇಟ್ಟಿರುತ್ತಾರೆ. ಪುಟ್ಟಿ ಮೊದಲ ಸಲ ಅಡ್ಡಹೆಜ್ಜೆಯನ್ನು ತಪ್ಪಿಲ್ಲದೆ ದಾಟಿದಾಗ ಹಾಡಿನ ಮಧ್ಯದಲ್ಲೇ ನಕ್ಕಳು. ಮಣೆ ಗಟ್ಟಿಯಾಗಿ ನಿಂತಿತ್ತು, ಅಂಚು ಬೆರಳಿಗೆ ಸಿಕ್ಕಿತ್ತು, ಎಡ ಬಾಣ ಅವಳ ಕಾಲನ್ನು ಬಿಟ್ಟುಕೊಟ್ಟಿತ್ತು.

ಮನೆಗೆ ತರುವವರಿಗೆ ಇನ್ನು ಕೆಲವು ಮಾತು. ಬರಿಗಾಲು ನಮ್ಮ ರೂಢಿ, ಆದರೆ ಬೆವರಿದ ಪಾದ ಪ್ಲಾಸ್ಟಿಕ್ಕಿಗೆ ಕಚ್ಚಿಕೊಂಡು ತಿರುವಿನಲ್ಲಿ ಮಂಡಿಯನ್ನು ಎಳೆಯುತ್ತದೆ. ಗಟ್ಟಿ ಪ್ಯಾಡಿಗೆ ಚಪ್ಪಟೆ ಅಡಿಯ ಕ್ಯಾನ್ವಾಸ್ ಶೂ ಒಂದು ಜೊತೆ ಬೇರೆಯೇ ಇಡಿ, ಅದು ಬೀದಿಯ ಧೂಳು ಮೆಟ್ಟದಿರಲಿ. ಚಾಪೆಯ ಮೇಲಾದರೆ ಶೂ ಬೇಡ, ಹಾಳೆ ಹರಿಯುತ್ತದೆ. ಮಹಡಿ ಮನೆಯವರು ಪ್ಯಾಡಿನ ಅಡಿಗೆ ಜಿಮ್‌ನಲ್ಲಿ ಹಾಸುವ ದಪ್ಪ ರಬ್ಬರ್ ಹಾಸಿ, ಕೆಳಗಿನ ಮನೆಯವರನ್ನು ಒಂದು ಸಂಜೆ ಕಾಫಿಗೆ ಕರೆದು, ಯಾವ ಹೊತ್ತು ಅವರಿಗೆ ತೊಂದರೆಯಿಲ್ಲ ಎಂದು ಕೇಳಿ. ಹಗುರವಾಗಿ ಮೆಟ್ಟಲು ಕಲಿತಂತೆ ಆ ಸದ್ದೂ ಕಡಿಮೆಯಾಗುತ್ತದೆ, ಅಂಕವೂ ಏರುತ್ತದೆ. ಹಿಂದಿನ ಕಂಬಿ ಬೇಕೇ ಬೇಡವೇ ಎಂಬ ವಾದ ಆಟದಷ್ಟೇ ಹಳೆಯದು. ವೇಗದ ಹಾಡುಗಳಿಗೆ ಅದು ಊರುಗೋಲು, ನಿಧಾನದ ಹಾಡುಗಳಿಗೆ ಬೇಡ. ನಾನು ಹಾಕಿಸಿಲ್ಲ. ಮೈ ತನ್ನ ತೂಕವನ್ನು ತಾನೇ ತೂಗಿಕೊಳ್ಳಲಿ.

ಯಾವುದನ್ನು ಆರಿಸಬೇಕು? ಮಕ್ಕಳಿಗೆ, ಆಟದ ಪರಿಚಯಕ್ಕೆ, ಹಲಗೆಗೆ ಅಂಟಿಸಿದ ಚಾಪೆ ಸಾಕು. ಆರು ತಿಂಗಳಾದ ಮೇಲೂ ಆಸೆ ಉಳಿದಿದ್ದರೆ, ಮತ್ತು ಒಬ್ಬ ಒಳ್ಳೆಯ ಆಚಾರ್ರ ಪರಿಚಯವಿದ್ದರೆ, ಕಟ್ಟಿಸಿ. ಕಟ್ಟಲು ಪುರುಸೊತ್ತಿಲ್ಲದವರು ಹಣ ಕೂಡಿಟ್ಟು ಗಟ್ಟಿ ಪ್ಯಾಡನ್ನೇ ಕೊಳ್ಳಿ, ನಡುವಿನ ದರದಲ್ಲಿ ಸಿಗುವ ದಪ್ಪ ಫೋಮಿನ ಪ್ಯಾಡಿಗೆ ಮಾರುಹೋಗಬೇಡಿ. ಕಾಲಿಗೆ ಅದು ಹಿತ, ತಾಳಕ್ಕೆ ಅಹಿತ.

ಕೊಳ್ಳಿ, ಕಟ್ಟಿ, ಒಂದು ಪರೀಕ್ಷೆಯನ್ನು ಮಾತ್ರ ಬಿಡಬೇಡಿ. ಹಾಡು ಬೇಡ. ಒಂದು ಬಾಣವನ್ನು ಒಂದೇ ಕಾಲಿನಿಂದ, ಆಗುವಷ್ಟು ಬೇಗ, ಎಂಟು ಸಲ ಮೆಟ್ಟಿ. ಪರದೆಯ ಮೇಲೆ ಏಳು ಬಿದ್ದರೆ ಮಣೆ ಬಿಡುವುದನ್ನು ಕಲಿತಿಲ್ಲ, ಒಂಬತ್ತು ಬಿದ್ದರೆ ಹಿಡಿಯುವುದನ್ನು ಕಲಿತಿಲ್ಲ. ನಾಲ್ಕೂ ಬಾಣಗಳಲ್ಲಿ ಎಂಟಕ್ಕೆ ಎಂಟು ಬೀಳುವ ಮಣೆ ಸಿಕ್ಕರೆ, ಅದರ ಬಣ್ಣ, ಬೆಳಕು, ಹೆಸರು ಯಾವುದನ್ನೂ ಕೇಳಬೇಡಿ. ಮನೆಗೆ ತನ್ನಿ.